ವಕೀಲರು ಹೊರಗೆ ಕೂತಿರಲಿ

ನಗು ಅವಳದೇ, ಸಂಶಯವಿಲ್ಲ, ಮೊದಲು ಮೂಗಿನಲ್ಲೊಂದು ಸಣ್ಣ ಸದ್ದು, ಆಮೇಲೆ ತಡೆಯಲಾಗದೆ ಬಾಯಿಗೆ ಬರುವ ನಗು — ವರ್ಷಗಟ್ಟಲೆ ತನ್ನದೇ ಆಫೀಸಿನಲ್ಲಿ ಕೇಳಿದ ನಗು, ಈಗ ಕಾರ್ಮಿಕ ಅಧಿಕಾರಿಯ ಕೋಣೆಯ ಕಿಟಕಿಯಿಂದ ಹೊರಬಂದು ಪಡಸಾಲೆಯ ಬೆಂಚಿನ ಮೇಲೆ ಕೂತ ಮಹಾಂತಯ್ಯ ವಕೀಲರ ಕಿವಿಯೊಳಗೆ ನೀರು ಹೊಕ್ಕಂತೆ ಹೊಕ್ಕಿತು, ಎಷ್ಟು ತಲೆ ಕೊಡವಿದರೂ ಹೋಗಲೊಲ್ಲದು. ಸಂಧಾನಕ್ಕೆ ಕೂತವರು ನಗುತ್ತಾರೇನು, ಅದೂ ಎದುರು ಪಾರ್ಟಿಯ ಮಾಲಕನನ್ನು ಮುಂದೆ ಕೂರಿಸಿಕೊಂಡು, ಮತ್ತೆ ಆ ಮಾಲಕ, ತನ್ನ ಕಕ್ಷಿದಾರ ಸುಭಾಷ್ ಸಾವಕಾರ, ಆತನೂ ನಗುತ್ತಿದ್ದಾನಲ್ಲ, ಹೊಟ್ಟೆ ಕುಣಿಸಿಕೊಂಡು, ತನ್ನ ಮುಂದೆ ಆತ ಹೀಗೆ ನಕ್ಕದ್ದು ಯಾವಾಗ, ನೆನಪಾಗುವುದಿಲ್ಲ, ತನ್ನ ಮುಂದೆ ಬರೀ ನಿಟ್ಟುಸಿರು, ಏನ್ ಮಾಡೋದ್ರಿ ವಕೀಲರ, ಹೆಂಗ ಮಾಡೋದ್ರಿ ವಕೀಲರ — ನಗುವನ್ನೆಲ್ಲ ಅವಳಿಗೆಂದೇ ಗಂಟು ಕಟ್ಟಿಟ್ಟಿದ್ದನೋ ಏನೋ. ಫ್ಯಾನು ಕಿರ್ ಕಿರ್ ಅನ್ನುತ್ತಿದೆ, ಅದೂ ಒಳಗಿನದು, ಪಡಸಾಲೆಯಲ್ಲಿ ಫ್ಯಾನಿಲ್ಲ, ಹೊರಗೆ ಕೂರುವವರಿಗೆ ಗಾಳಿ ಯಾಕೆ ಬೇಕು, ರಾಯಚೂರಿನ ಬಿಸಿಲು ದಸರೆ ಮುಗಿದರೂ ಮುಗಿಯಲಿಲ್ಲ, ಅಂಗಿಯ ಕಾಲರು ಆಗಲೇ ಒದ್ದೆ. ಏನು ಹೇಳಿರಬಹುದು ಅವಳು, ಏನು ಹೇಳಿದರೆ ಸಾವಕಾರ ಹಾಗೆ ನಗುತ್ತಾನೆ, ತನ್ನ ಬಗ್ಗೆ ಏನಾದರೂ, ಇಲ್ಲ, ಅವಳು ಅಂಥವಳಲ್ಲ, ಅಂಥವಳಲ್ಲ ಅನ್ನುವುದೇ ಇನ್ನೂ ಸಿಟ್ಟು ಬರಿಸುವ ಸಂಗತಿ.

ಹೊರಗೆ ಕೂರಬೇಕಾದದ್ದು ಕಾನೂನು. ಸಂಧಾನದ ಕೋಣೆಗೆ ವಕೀಲನಿಗೆ ಪ್ರವೇಶವಿಲ್ಲ, ಹಳೆಯ ಕಾಯ್ದೆಯಲ್ಲೂ ಇರಲಿಲ್ಲ, ಈಗ ಬಂದ ಹೊಸ ಸಂಹಿತೆಯಲ್ಲೂ ಇಲ್ಲ, ಮಾಲಕ ಹೋಗಬಹುದು, ಕೂಲಿಯವಳು ಹೋಗಬಹುದು, ಸಂಘದ ಪದಾಧಿಕಾರಿ ಹೋಗಬಹುದು, ಕಾನೂನು ಓದಿದವನು ಮಾತ್ರ ಹೊರಗೆ ಕೂತು ನೊಣ ಹೊಡೆಯಬೇಕು. ಇಷ್ಟು ವರ್ಷ ಅದೊಂದು ನೋವೇ ಆಗಿರಲಿಲ್ಲ, ಇದೇ ಬೆಂಚಿನ ಮೇಲೆ ಕಾಲಾಡಿಸುತ್ತ ಪೇಪರು ಓದುತ್ತ ಕೂತರೂ ಒಳಗೆ ಮಾಲಕರ ಬಾಯಿಂದ ಬರುತ್ತಿದ್ದದ್ದು ತನ್ನದೇ ಮಾತು, ಜಿನ್ನಿಂಗ್ ಮಿಲ್ಲಿನವರು, ರೈಸ್ ಮಿಲ್ಲಿನವರು, ಎಣ್ಣೆ ಮಿಲ್ಲಿನವರು, ಯಾರೇ ಬಾಯಿ ತೆರೆದರೂ ಮಾತಾಡುತ್ತಿದ್ದವನು ಮಹಾಂತಯ್ಯನೇ. ಆದರೆ ಈ ಸಲ ಸವಿತಾ ಒಳಗೆ ಹೋದಳು. ಅವಳಿಗೂ ವಕೀಲಿ ಸನದು ಇದೆ, ಅವಳಿಗೂ ಕರಿ ಕೋಟಿದೆ, ಆದರೆ ವಕೀಲಳೆಂದು ಹೋಗಲಿಲ್ಲ, ಮಿಲ್ಲು ಕೂಲಿಕಾರರ ಸಂಘದ ಕಾರ್ಯದರ್ಶಿಯೆಂದು ಹೋದಳು, ಪದಾಧಿಕಾರಿಯಾದವನು ವಕೀಲನಾಗಿದ್ದರೂ ತಡೆಯುವಂತಿಲ್ಲ — ಈ ಸಂದು ಅವಳಿಗೆ ತೋರಿಸಿಕೊಟ್ಟವರು ಯಾರು, ತಾನೇ, ಜೂನಿಯರ್ ಆಗಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ತೀರ್ಪು ಓದಿಸಿ ತೋರಿಸಿದ್ದು. ಮತ್ತೆ ಒಳಗಿನ ತಕರಾರು ಇಷ್ಟೇ, ಮಾನ್ವಿಯಲ್ಲಿ ಸಾವಕಾರನ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಹರಡುವ, ಕಾಳು ಬಳಿಯುವ ಹೆಣ್ಣುಮಕ್ಕಳು ಮಿಲ್ಲಿನ ಕೂಲಿಕಾರರೋ, ಮೇಸ್ತ್ರಿ ಕರೆತಂದ ಆಳುಗಳೋ. ಮೇಸ್ತ್ರಿಯ ಆಳುಗಳಾದರೆ ಮಿಲ್ಲಿಗೆ ಹೊಣೆಯಿಲ್ಲ, ಹಾಜರಿ ಇಲ್ಲ, ಪಿಎಫ್ ಇಲ್ಲ, ಬೇಡವಾದ ದಿನ ಗೇಟಿನ ಹೊರಗೆ. ಮಿಲ್ಲಿನವರಾದರೆ ಎಲ್ಲ ಕೊಡಬೇಕು, ಮಾನ್ವಿಯಲ್ಲಿ ಕೊಟ್ಟದ್ದನ್ನು ನಾಳೆ ರಾಯಚೂರಿನಲ್ಲೂ ದೇವದುರ್ಗದಲ್ಲೂ ಕೊಡಬೇಕು, ಮಹಾಂತಯ್ಯ ಜೀವಮಾನವಿಡೀ ಕಟ್ಟಿ ನಿಲ್ಲಿಸಿದ ಒಂದೇ ಒಂದು ವಾದ ಮಗುಚಿ ಬೀಳುತ್ತದೆ, ಬಿದ್ದರೆ ಬೀಳಲಿ, ಬೇರೆ ಯಾರ ಕೈಯಲ್ಲಾದರೂ ಬೀಳಲಿ, ಅವಳ ಕೈಯಲ್ಲಿ ಬೇಡ.

ಅವಳು ಮೊದಲು ಬಂದದ್ದು ಅಪ್ಪನ ಹಿಂದೆ. ಅಪ್ಪ ಹಂಪಯ್ಯ, ದೇವದುರ್ಗದ ಸ್ಕೂಲಿನಲ್ಲಿ ಜವಾನ, ಟೋಪಿ ತೆಗೆದು ಕೈಯಲ್ಲಿ ಹಿಡಕೊಂಡು ನಿಂತ, ನಮ್ಮ ಹುಡುಗಿ ಲಾ ಮಾಡ್ಯಾಳ್ರಿ, ನಿಮ್ಮ ಕೈಕೆಳಗ ಇಟ್ಕೋರಿ ಯಪ್ಪಾ. ದುಡಿಯುವವರ ಮನೆಯ ಹುಡುಗಿ, ಮಾಲಕರ ಪರ ಕೆಲಸ ಮಾಡ್ತೀಯೇನವ್ವಾ ಎಂದು ತಾನು ಕೇಳಿದೆ, ಕೇಳುವಾಗ ಸ್ವಲ್ಪ ತಮಾಷೆಯೂ ಇತ್ತು, ಅವಳು ನೇರ ನೋಡಿ, ಕಲಿಯಾಕ ಬಂದೀನ್ರಿ ಸರ್, ಯಾರ ಪರ ಅಂತ ಆಮ್ಯಾಲ ನೋಡ್ತೀನಿ ಅಂದಳು, ಅಂದದ್ದು ಹಿಡಿಸಿತು, ಹಿಡಿಸಬಾರದಿತ್ತು. ಅವಳನ್ನು ತನ್ನ ಟೇಬಲ್ಲಿನ ಎದುರಿಗೇ ಕೂರಿಸಿದೆ, ಅದಕ್ಕೆ ತನ್ನ ಜಾತಿಯವರೇ ಒಂದಿಬ್ಬರು ಮೂಗು ಮುರಿದರು, ಮುರಿಯಲಿ ಅಂದೆ, ಅದನ್ನು ತನ್ನ ದೊಡ್ಡಸ್ತಿಕೆಯೆಂದು ಎಷ್ಟು ಮಂದಿಗೆ ಹೇಳಿಕೊಂಡೆ, ಅವಳ ಮುಂದೆಯೂ ಹೇಳಿದೆನೇನೋ, ಹೇಳಿದೆ. ಮೊದಲನೇ ವಾರ ಕಲಿಸಿದ್ದೇ ಈ ಪಾಠ, ನೋಡವ್ವಾ, ನಮ್ಮವರಲ್ಲ ಅಂತ ಒಮ್ಮೆ ಅಂದಮೇಲೆ ಅಲ್ಲವೇ ಅಲ್ಲ, ಅವರಿಗೆ ಬೈಯಬಾರದು, ಬುದ್ಧಿ ಹೇಳಬಾರದು, ಶಿಕ್ಷೆ ಕೊಡಬಾರದು, ತನ್ನವರನ್ನು ಮಾತ್ರ ಮನುಷ್ಯ ಶಿಕ್ಷಿಸುತ್ತಾನೆ. ಅವಳು ಪೆನ್ನು ಕಚ್ಚುತ್ತ, ಅಂದ್ರ ಸರ್, ಬೈದ್ರ ನಮ್ಮವರು ಅಂತ ಒಪ್ಪಿಕೊಂಡಂಗ ಆತಲ್ರೀ, ಅಂದಳು, ಎಷ್ಟು ಬೇಗ ಹಿಡಿದಳು, ಮನೆಗೆ ಹೋಗಿ ಹೆಂಡತಿ ಯಶೋಧಾಳಿಗೆ ಹೇಳಿದೆ, ಹುಡುಗಿ ಬೆಂಕಿ ಅದಾಳ. ಕಲಬುರಗಿಯ ಲೇಬರ್ ಕೋರ್ಟಿನಲ್ಲಿ ಒಬ್ಬ ಮುದುಕನ ಪಾಟೀಸವಾಲು ಅವಳಿಗೇ ಬಿಟ್ಟುಕೊಟ್ಟೆ, ಎಣ್ಣೆ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು, ಅವಳು ಮೆತ್ತಗೆ ಕೇಳಿ ಕೇಳಿ ಅವನ ಬಾಯಿಂದಲೇ ಅವನ ಕೇಸನ್ನು ಮುಗಿಸಿದಳು, ಗೆದ್ದೆವು, ವಾಪಸು ಬರುವ ರೈಲಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಕೂತಳು, ದಣಿವಿರಬೇಕು ಅಂದುಕೊಂಡೆ, ಆಮೇಲೆ ಒಂದು ದಿನ, ಸರ್, ಇನ್ನ ನಾ ಬರಂಗಿಲ್ರಿ. ಎಷ್ಟು ಬೇಕು ಹೇಳು, ಸಂಬಳ ಹೆಚ್ಚು ಮಾಡ್ತೀನಿ ಎಂದು ಕೇಳಿದ ನೆನಪು ಈಗಲೂ ಮೈ ಉರಿಸುತ್ತದೆ, ಅವಳು ಕನಿಕರದಿಂದ ನೋಡಿದ್ದಳು.

ಆಮೇಲೆ ಸುರುವಾದದ್ದು ಇದು, ಹೆಸರಿಟ್ಟು ಕರೆದರೆ ಹೊಟ್ಟೆಕಿಚ್ಚು, ಮಹಾಂತಯ್ಯನವರಿಗೆ ಹೆಸರಿಡುವ ಧೈರ್ಯವಿಲ್ಲ, ಯಶೋಧಾಳಿಗಿದೆ, ದಿನಾ ಆಕಿ ಹೆಸರು ತಗೋತೀರಿ, ನನ್ನ ಹೆಸರ ನೆನಪದನೋ ಇಲ್ಲೋ ಎಂದು ರೊಟ್ಟಿ ಬಡಿಯುತ್ತ ಕೇಳಿದಳು, ನಗುತ್ತಲೇ ಕೇಳಿದಳು, ತಾನು ನಗಲಿಲ್ಲ. ತೀನ್ ಕಂದೀಲ್ ಚೌಕದ ಹತ್ತಿರ ಸಂಘದ ಆಫೀಸು, ಮೇಲೆ ತಗಡು, ಮುಂದೆ ಹೆಣ್ಣುಮಕ್ಕಳ ಸಾಲು, ಆ ದಾರಿಯಲ್ಲಿ ತನಗೇನೂ ಕೆಲಸವಿಲ್ಲ, ಆದರೂ ಸ್ಕೂಟರು ಅಲ್ಲಿಗೇ ತಿರುಗುತ್ತದೆ, ಅವಳು ಮೆಟ್ಟಿಲ ಮೇಲೆ ಕೂತು ಯಾರದೋ ಕೈಯಿಂದ ಸೌತೇಕಾಯಿ ಮುರಿದುಕೊಂಡು ತಿನ್ನುತ್ತಿರುತ್ತಾಳೆ, ಯಾಪಲದಿನ್ನಿಯಿಂದ ಬಂದ ಯಾವಳೋ ಅವಳ ತೊಡೆಯ ಮೇಲೆ ಕೂಸು ಇಟ್ಟು ನೀರು ಕುಡಿಯಲು ಹೋಗಿರುತ್ತಾಳೆ — ತನ್ನ ತೊಡೆಯ ಮೇಲೆ ಯಾವ ಕಕ್ಷಿದಾರ ಕೂಸು ಇಟ್ಟಾನು, ಅವರು ತನಗೆ ಕಾಜೂ ಡಬ್ಬಿ ಕೊಡುತ್ತಾರೆ, ದೀಪಾವಳಿಗೆ, ಡ್ರೈವರನ ಕೈಯಲ್ಲಿ ಕಳಿಸುತ್ತಾರೆ. ಬಾರ್ ರೂಮಿನಲ್ಲಿ ಯಾರೋ, ನಿಮ್ಮ ಶಿಷ್ಯೆ ಭಾಳ ಹೆಸರು ಮಾಡ್ಯಾಳ್ರಿ ಅನ್ನುತ್ತಾರೆ, ನಾನೇ ಕಲಿಸಿದ್ದು ಎಂದು ಬಾಯಿ ತೆರೆಯುವುದರೊಳಗೆ ಅವರು ಚಹಾದ ಕಡೆ ತಿರುಗಿರುತ್ತಾರೆ. ಕಲಿಸಿದ್ದು ತನ್ನದು, ಹೆಸರು ಅವಳದು. ಅವಳು ಸೋತ ಕೇಸುಗಳನ್ನು ತಾನು ನೆನಪಿಟ್ಟಿದ್ದೇನೆ, ಅವಳೇ ಮರೆತಿರಬೇಕು, ಅವಳು ಸೋತ ದಿನ ಊಟ ರುಚಿಸುತ್ತದೆ, ಛೀ, ಇದೆಂಥ ಮನಸ್ಸು, ಮನಸ್ಸು ಇದೇ.

ಒಳಗೆ ಏನೋ ಕಾಗದ ಸರಿದ ಸದ್ದು, ಮಹಾಂತಯ್ಯನವರು ಕಿಟಕಿಯ ಕಡೆ ಕಿವಿಗೊಟ್ಟರು, ಅದೇನಾ, ಆ ನೋಟೀಸಾ — ಯಾವ ನೋಟೀಸು, ತಾನೇ ಕೊಟ್ಟದ್ದು, ಹೋದ ತಿಂಗಳು, ಹಣಮಮ್ಮನಿಗೆ. ದೇವದುರ್ಗದ ಕಡೆಯ ಹೆಂಗಸು, ಮಾನ್ವಿ ಜಿನ್ನಿನಲ್ಲಿ ಎಲ್ಲರಿಗಿಂತ ಹಳಬಳು, ಹಾಜರಿಗೆ ಹೆಸರು ಹಚ್ಚಿರಿ ಎಂದು ಉಳಿದ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಗೇಟಿಗೆ ಅಡ್ಡ ಕೂತಳು, ಅವಳ ಪಕ್ಕದಲ್ಲಿ ಸವಿತಾ ಮೈಕು ಹಿಡಿದು ನಿಂತಿದ್ದಳು, ಮರುದಿನ ಪೇಪರಿನಲ್ಲಿ ಫೋಟೋ ಬಂತು, ಯಶೋಧಾ ಅದನ್ನು ಚಹಾದ ಬಸಿಯ ಕೆಳಗೆ ಮುಚ್ಚಿಟ್ಟಿದ್ದಳು, ಮುಚ್ಚಿಟ್ಟದ್ದಕ್ಕೇ ಕಂಡಿತು. ಅವತ್ತೇ ಕೂತು ಬರೆದೆ, ಶಿಸ್ತು ಮುರಿದಿದ್ದೀರಿ, ಮಿಲ್ಲಿನ ಕೆಲಸಕ್ಕೆ ಅಡ್ಡಿ ಮಾಡಿದ್ದೀರಿ, ನಿಮ್ಮ ಮೇಲೆ ಯಾಕೆ ಕ್ರಮ ತೆಗೆದುಕೊಳ್ಳಬಾರದು, ಎಷ್ಟು ಚಂದದ ಭಾಷೆ, ಒಂದೊಂದು ವಾಕ್ಯ ತಿದ್ದಿ ತಿದ್ದಿ ಬರೆದೆ, ಮಿಲ್ಲಿನ ಹೆಸರಿನಲ್ಲಿ ಸಾವಕಾರನ ಸಹಿ ಹಾಕಿಸಿದೆ, ಆತ ಓದದೆ ಹಾಕಿದ. ಯಾರಿಗೆಂದು ಬರೆದೆ, ಹಣಮಮ್ಮನಿಗೆ ಓದಲು ಬರುವುದಿಲ್ಲ, ಬರೆದದ್ದು ಸವಿತಾಳಿಗೆ, ಅವಳು ಓದಬೇಕು, ಓದಿ ಇದು ಸರ್ ಬರೆದದ್ದೇ ಎಂದು ಗುರುತು ಹಿಡಿಯಬೇಕು, ಇಡೀ ದಿನ ತನ್ನ ಮಾತಿಗೆ ಉತ್ತರ ಹುಡುಕುತ್ತ ಕೂರಬೇಕು, ಅಷ್ಟೇ ಬೇಕಾಗಿತ್ತು. ನಮ್ಮವಳಲ್ಲದವಳಿಗೆ ಶಿಸ್ತಿನ ನೋಟೀಸು. ಇಷ್ಟು ವರ್ಷ ಆಕೆ ಮಿಲ್ಲಿನವಳೇ ಅಲ್ಲ ಎಂದು ಹೇಳುತ್ತ ಬಂದವನು ಒಂದು ಹಾಳೆಯಲ್ಲಿ ಹೌದು ಮಿಲ್ಲಿನವಳೇ ಎಂದು ಬರೆದುಕೊಟ್ಟಂತಾಯಿತಲ್ಲ, ಯಾವ ಜೂನಿಯರೂ ಮಾಡದ ತಪ್ಪು, ಬೇರೆಯವರು ಮಾಡಿದ್ದರೆ ಬಾರ್ ರೂಮಿನಲ್ಲಿ ತಾನೇ ಮೊದಲು ನಗುತ್ತಿದ್ದೆ, ಮತ್ತೆ ಇದು ಹೊಳೆದದ್ದು ನಿನ್ನೆಯಲ್ಲ ಮೊನ್ನೆಯಲ್ಲ, ಈಗ, ಈ ಬೆಂಚಿನ ಮೇಲೆ, ಅವಳ ನಗು ಕೇಳಿದ ಮೇಲೆ. ಅವಳಿಗೆ ಅವತ್ತೇ ಹೊಳೆದಿರಬೇಕು. ಈಗ ತೆಗೆಯುತ್ತಾಳೆ, ಟೇಬಲ್ಲಿನ ಮೇಲೆ ಇಟ್ಟು ಬೆರಳು ಹಚ್ಚಿ ತೋರಿಸುತ್ತಾಳೆ, ಹೊರಗೆ ಕೂತವರು ಬರೆದದ್ದು ನೋಡ್ರಿ ಅನ್ನುತ್ತಾಳೆ.

ಜವಾನ ಗುಲಾಮ್ ದಸ್ತಗೀರ್ ಚಹಾದ ತಟ್ಟೆ ಹಿಡಿದು ಬಂದ, ವಕೀಲ್ ಸಾಬ್, ನಿಮಗೂ ಒಂದು ತರಲೇನ್ರಿ, ಇವೆಲ್ಲ ಒಳಗಿನವರಿಗ್ರಿ, ಬ್ಯಾಡ ಹೋಗು ಮಾರಾಯ, ಆತ ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಹೋದ, ಗಾಳಿಗೆ ಕಿಟಕಿಯ ಪರದೆ ಸರಿದು ಅಲ್ಲೇ ಸಿಕ್ಕಿಕೊಂಡಿತು. ಎದ್ದು ನೋಡಬಾರದು, ವಯಸ್ಸಾದವರು, ಹಿರಿಯ ವಕೀಲರು, ಎದ್ದು ನೋಡಿದರು, ಗೋಡೆಗೆ ಬೆನ್ನು ಒತ್ತಿ, ಮುಖವನ್ನಷ್ಟೇ ಓರೆ ಮಾಡಿ. ಸಾವಕಾರನ ಬೆನ್ನು, ಅಧಿಕಾರಿಯ ಕನ್ನಡಕ, ಈ ಕಡೆ ಹಣಮಮ್ಮ, ಕೆಲಸದಿಂದ ನೇರ ಬಂದವಳ ಹಾಗೆ ತಲೆಯ ತುಂಬ ಹತ್ತಿಯ ಸಣ್ಣ ಸಣ್ಣ ಎಳೆ, ಆಕೆಯ ಪಕ್ಕದಲ್ಲಿ ಸವಿತಾ. ಸವಿತಾ ಅಧಿಕಾರಿಯ ಮಾತಿಗೆ ತಲೆಯಾಡಿಸುತ್ತಿದ್ದಾಳೆ, ಕಣ್ಣು ಅಲ್ಲೇ ಇದೆ, ಕೈ ಮಾತ್ರ ತನ್ನಷ್ಟಕ್ಕೆ ಹಣಮಮ್ಮನ ತಲೆಗೆ ಹೋಗಿ ಎರಡು ಬೆರಳಿನಲ್ಲಿ ಒಂದು ಬಿಳಿ ಎಳೆ ಹಿಡಿದು ಎತ್ತಿತು, ಫೂ ಎಂದು ಊದಿದಳು, ಮತ್ತೆ ಇನ್ನೊಂದು ಎಳೆ. ಹಣಮಮ್ಮನಿಗೆ ಅದು ಗೊತ್ತೇ ಇಲ್ಲ, ಚಹಾ ಆರಿಸುತ್ತಿದ್ದಾಳೆ. ಆ ಎರಡು ಬೆರಳು, ಕೋರ್ಟ್ ಹಾಲಿಗೆ ಹೋಗುವ ಮುಂಚೆ ಬಾಗಿಲಲ್ಲಿ, ಸರ್ ಜರಾ ನಿಲ್ರಿ, ತಾನು ನಿಲ್ಲುತ್ತಿದ್ದೆ, ತೋಳು ಸ್ವಲ್ಪ ಅಗಲಿಸಿ ಬೆನ್ನು ಕೊಟ್ಟು, ಕರಿ ಕೋಟಿನ ಮೇಲೆ ಎಲ್ಲಿಂದಲೋ ಹತ್ತಿದ ನೂಲು, ಕಸ, ಅವಳು ಒಂದೊಂದಾಗಿ ತೆಗೆದು ಹೂಂ ಈಗ ಹೋಗ್ರಿ ಅನ್ನುತ್ತಿದ್ದಳು, ಮಗಳಿಲ್ಲದ ಮನೆ ತನ್ನದು, ಬೆನ್ನು ಹಗುರಾಗುತ್ತಿತ್ತು, ಹೋಗಿ ವಾದ ಮಾಡಿದರೆ ನಾಲಿಗೆ ತಡವರಿಸುತ್ತಿರಲಿಲ್ಲ. ಅದು ತನಗೇ ಮೀಸಲು ಎಂದುಕೊಂಡಿದ್ದೆ. ಎರಡು ಬೆರಳು, ಒಂದು ಎಳೆ, ಕಂಡಕಂಡವರ ತಲೆಗೆಲ್ಲ ಹೋಗುವ ಕೈಯೇನು ಅದು.

ಅಧಿಕಾರಿ ಕೇಳುತ್ತಿದ್ದಾರೆ, ಮಾಲಕರ, ಕೊನೀಗೆ ಹೇಳಿಬಿಡ್ರಿ, ಈ ಹೆಣ್ಣುಮಕ್ಳು ನಿಮ್ಮವರೋ ಅಲ್ಲೋ. ಹೇಳು ಸಾವಕಾರ, ಮಹಾಂತಯ್ಯನವರ ತುಟಿ ತಾನಾಗಿಯೇ ಅಲ್ಲಾಡುತ್ತಿದೆ, ನಿನ್ನೆ ನಿನ್ನ ಮನೆಯ ಜೋಕಾಲಿಯ ಮೇಲೆ ಕೂತು ಬಾಯಿಪಾಠ ಮಾಡಿಸಿದ್ದೀನಿ, ನಮ್ಮವರಲ್ಲರಿ, ಮೇಸ್ತ್ರಿ ಆಳುಗಳು, ಏನಿದ್ರೂ ಮೇಸ್ತ್ರೀನ ಕೇಳ್ರಿ, ಇಷ್ಟೇ, ಇದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಸಾವಕಾರ ಕೆಮ್ಮಿದ. ಆಗ ಹಣಮಮ್ಮನ ದನಿ, ಚಹಾದ ಬಟ್ಟಲು ಕೆಳಗಿಟ್ಟ ಸದ್ದು, ಸಾವಕಾರ, ನಾ ಯಾರ ಆಳು ಅಂತ ನೀವ ಹೇಳ್ರಿ, ಸಂಘದವ್ರೂ ಬ್ಯಾಡ, ಸಾಹೇಬ್ರೂ ಬ್ಯಾಡ, ನೀವು ಮೇಸ್ತ್ರಿ ಆಳು ಅಂದ್ರ ನಾ ಹಿಂಗ ಎದ್ದು ಹೊಕ್ಕೀನಿ. ಸವಿತಾ ಏನೂ ಅನ್ನಲಿಲ್ಲ, ಅಲ್ಲೇ ಅವಳ ಜಾಣತನ, ಎಲ್ಲಿ ಸುಮ್ಮನಿರಬೇಕೆಂದು ತಾನು ಕಲಿಸಿರಲಿಲ್ಲ, ತನಗೇ ಬರುವುದಿಲ್ಲ. ಫ್ಯಾನು ಕಿರ್ ಕಿರ್. ಸಾವಕಾರ ಅಂದ, ಏ, ಕೂಡು ಬೇ ಹಣಮವ್ವ, ಎಲ್ಲಿಗಿ ಹೊಕ್ಕೀದಿ — ನಮ್ಮಾಕೀನ ಬಿಡ್ರಿ ಸಾಹೇಬ್ರ, ಎಲ್ಲೀ ಮೇಸ್ತ್ರಿ, ನಾ ಸಣ್ಣಾವ ಇದ್ದಾಗ ಹತ್ತಿ ಗುಡ್ಡಿ ಮ್ಯಾಲ ಆಡಿಸ್ಯಾಳ ನನ್ನ, ಬರಕೋರಿ, ಎಲ್ಲಾರ್ದೂ ಹೆಸರು ಬರಕೋರಿ. ನಮ್ಮಾಕಿ. ಎಷ್ಟು ಸಲೀಸಾಗಿ ಬಂತು ಆ ಮಾತು, ಮುಗಿಯಿತು ಎಲ್ಲ, ಆದರೆ ಮಹಾಂತಯ್ಯನವರ ಮನಸ್ಸು ಮುಗಿದದ್ದರ ಹತ್ತಿರ ಹೋಗಲೇ ಇಲ್ಲ, ನಮ್ಮಾಕಿ ಎಂಬಲ್ಲೇ ನಿಂತಿತು, ಸಾವಕಾರನ ಅಪ್ಪನ ಕಾಲದಿಂದ ಆ ಮನೆಯ ಕೇಸು ನೋಡಿದ್ದೇನೆ, ಮದುವೆಗೆ ಹೋದಾಗ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕುತ್ತಿದ್ದರು, ಬೀಗರಿಗೆ ತೋರಿಸಿ ಇವರು ರಾಯಚೂರಿನ ವಕೀಲರು ಅನ್ನುತ್ತಿದ್ದರು, ನಮ್ಮವರು ಅಂತ ಒಂದು ದಿನವಾದರೂ, ಒಂದು ಮಾತಿಗಾದರೂ, ಇಲ್ಲ. ಹತ್ತಿ ಬಳಿಯುವವಳು ಅವರಾಕೆ, ತಾನು ಮೇಸ್ತ್ರಿಯ ಆಳಿಗಿಂತ ಕಡೆ. ಹಣಮಮ್ಮನ ಮೇಲೆ ಹೊಟ್ಟೆಕಿಚ್ಚು, ಈ ವಯಸ್ಸಿನಲ್ಲಿ, ಯಾರಿಗಾದರೂ ಹೇಳಿದರೆ ನಕ್ಕಾರು, ಹೇಳುವುದು ಯಾರಿಗೆ. ಒಳಗೆ ಸಾವಕಾರ ಕೇಳುತ್ತಿದ್ದಾನೆ, ಮತ್ತ ಆಕಿಗಿ ಒಂದು ನೋಟೀಸ ಕೊಟ್ಟಿದ್ವಿ ಅಲ್ರಿ, ಅದು ಹೆಂಗ, ಅಧಿಕಾರಿ, ಯಾವ ನೋಟೀಸು ಅಂದರು, ಮಹಾಂತಯ್ಯ ಕಣ್ಣು ಮುಚ್ಚಿದರು, ಹೊಡಿ, ಹೊಡಿಯವ್ವಾ, ಸವಿತಾಳ ದನಿ ಮೆಲ್ಲಗೆ ಬಂತು, ಅದು ಬ್ಯಾಡ್ರಿ, ಅದರ ಮಾತು ಇಲ್ಲಿ ಬ್ಯಾಡ, ಬಿಟ್ಟುಬಿಡ್ರಿ ಸಾವಕಾರ್ರ. ಯಾಕ. ಬ್ಯಾಡ ಅಂದ್ರ ಬ್ಯಾಡ್ರಿ. ಗೊತ್ತಿತ್ತು ಅವಳಿಗೆ, ಅವತ್ತಿನಿಂದ ಗೊತ್ತಿತ್ತು, ಗೊತ್ತಿದ್ದೂ ತೆಗೆಯಲಿಲ್ಲ, ಮುಚ್ಚಿದಳು, ತನ್ನ ಮರ್ಯಾದೆ ಮುಚ್ಚಿದಳು. ಹೊಡೆದಿದ್ದರೆ ಚೆನ್ನಾಗಿತ್ತು, ಹೊಡೆಯುವವರು ಕಡೇಪಕ್ಷ ತಿರುಗಿ ನೋಡುತ್ತಾರೆ.

ಬಾಗಿಲು ತೆರೆದಾಗ ಮಹಾಂತಯ್ಯ ಬೆಂಚಿನ ಹತ್ತಿರ ನಿಂತಿದ್ದರು, ಈಗಷ್ಟೇ ಎದ್ದವರ ಹಾಗೆ. ಸಾವಕಾರ ಮೊಬೈಲು ಕಿವಿಗಿಟ್ಟುಕೊಂಡೇ ಬಂದ, ಮುಗೀತ್ರಿ ವಕೀಲರ, ನೀವು ಸುಮ್ಮನ ಸೆಕೀದಾಗ ಕುಂತ್ರಿ, ಫೋನ್ ಮಾಡ್ತೀನಿ ಮತ್ತ, ಮಾಡುವುದಿಲ್ಲ, ಇಬ್ಬರಿಗೂ ಗೊತ್ತು, ಮೆಟ್ಟಿಲಿಳಿದು ಹೋದ. ಹಣಮಮ್ಮ ಕೈ ಮುಗಿದಳು, ಬರ್ತೀನ್ರಿ ಯಪ್ಪಾ, ಆ ಮುಖದಲ್ಲಿ ತನ್ನ ಮೇಲೆ ಒಂದಿಷ್ಟೂ ಸಿಟ್ಟಿಲ್ಲ, ತಾನು ಯಾರೆಂದೇ ಆಕೆಗೆ ಸರಿಯಾಗಿ ಗೊತ್ತಿಲ್ಲ. ಸವಿತಾ ನಿಂತಳು, ಆರಾಮ ಅದೀರೇನ್ರಿ ಸರ್, ಮನ್ಯಾಗ ಅಮ್ಮ ಹೆಂಗ ಅದಾರ, ಯಾಕೆ ತೆಗೆಯಲಿಲ್ಲ ಎಂದು ಕೇಳಬೇಕು, ನಿನ್ನ ಕನಿಕರ ಯಾರಿಗೆ ಬೇಕಿತ್ತು ಎಂದು ಕೇಳಬೇಕು, ಹೂಂ ಆರಾಮ ಎಂದರು. ಅವಳು ದಾಟಿಕೊಂಡು ಹೋಗುತ್ತ ಒಂದು ಗಳಿಗೆ ತಡೆದಳು, ಸರ್, ಬೆನ್ನಿಗಿ ಗ್ವಾಡಿ ಸುಣ್ಣ ಹತ್ಯಾದ ನೋಡ್ರಿ. ಮಹಾಂತಯ್ಯ ಏನೂ ಯೋಚಿಸಲಿಲ್ಲ, ಮೈ ತಾನೇ ತಿರುಗಿತು, ತೋಳು ಸ್ವಲ್ಪ ಅಗಲಿಸಿ ಬೆನ್ನು ಕೊಟ್ಟು ನಿಂತರು, ನೆಟ್ಟಗೆ, ಉಸಿರು ಹಿಡಿದು, ಈಗ ಬರುತ್ತದೆ ಆ ಕೈ, ಈಗ — ಜಾಡಿಸಿಕೋರಿ ಸರ್, ಎಂದಳು, ಬಾ ಹಣಮವ್ವ, ಮಾನ್ವಿ ಬಸ್ಸು ತಪ್ಪಿದ್ರ ಮತ್ತ ಸಿಗಂಗಿಲ್ಲ, ಇಬ್ಬರ ಚಪ್ಪಲಿ ಸದ್ದು ಮೆಟ್ಟಿಲು ಇಳಿಯಿತು, ಗೇಟು ಸದ್ದಾಯಿತು. ಮಹಾಂತಯ್ಯ ಹಾಗೇ ನಿಂತಿದ್ದಾರೆ ಗೋಡೆಗೆ ಮುಖ ಮಾಡಿ, ದಸ್ತಗೀರ್ ಖಾಲಿ ಬಟ್ಟಲು ಹಿಡಿದು ಹೊರಬಂದವನು ಏನಾತ್ರಿ ಸಾಬ್ ಅನ್ನುತ್ತಿದ್ದಾನೆ, ಕೈ ಹಿಂದೆ ಚಾಚಿದರೆ ಭುಜ ಸಿಗುತ್ತದೆ, ಸೊಂಟ ಸಿಗುತ್ತದೆ, ನಡುಬೆನ್ನು ಸಿಗುವುದಿಲ್ಲ, ಎರಡು ಬೆರಳು, ಒಂದು ಬಿಳಿ ಎಳೆ, ಹಣಮಮ್ಮನ ತಲೆ, ಫೂ, ಎರಡು ಬೆರಳು, ಒಂದು ಬಿಳಿ ಎಳೆ, ಹಣಮಮ್ಮನ ತಲೆ, ಎರಡು ಬೆರಳು —